ಹಾಸಿಗೆ ಬರುವ ತಾರೀಕು

(ಮಾತಾಡುತ್ತಿರುವವರು ಇಬ್ಬರು. ಹೊರಟವಳು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. ಇಂಗ್ಲೆಂಡಿನ ಸಣ್ಣ ಪಟ್ಟಣವೊಂದರ ಶಾಲೆಯಿಂದ ಅವಳಿಗೆ ಕೆಲಸದ ಕರೆ ಬಂದಿದೆ. ಮೇಷ್ಟ್ರು ಒಂದು ಕಾಲಕ್ಕೆ ಅವಳಿಗೆ ಗಣಿತ ಹೇಳಿದವರು. ಮೇಜಿನ ಮೇಲೆ ಅವಳು ಬರೆದು ತಂದ ಖರ್ಚಿನ ಪಟ್ಟಿ ಇದೆ.)

ಹೊರಟವಳು: ಸರ್, ಪಟ್ಟಿ ಮುಗಿಯಿತು. ವೀಸಾ, ಟಿಕೆಟ್, ಅಲ್ಲಿನ ಮನೆ ಬಾಡಿಗೆ, ಅಡ್ವಾನ್ಸು, ಊಟ, ಓಡಾಟ, ಸ್ವೆಟರು, ಸೂಟ್‌ಕೇಸು ಎಲ್ಲ ಸೇರಿ ಹತ್ತು ಲಕ್ಷ ರೂಪಾಯಿಯ ಒಳಗೇ ಇದೆ. ದುಡ್ಡೂ ಅಷ್ಟೇ ಇದೆ: ಬ್ಯಾಂಕಿನಲ್ಲಿ ಆರೂವರೆ ಲಕ್ಷ, ಚಿಕ್ಕಪ್ಪ ಕೊಡುವ ಕೈಗಡ ಒಂದೂವರೆ ಲಕ್ಷ, ನವೆಂಬರಿಗೆ ಬರುವ ಚೀಟಿ ಎರಡು ಲಕ್ಷ. ಸಂಬಳ ನೋಡಿದರೆ ಭಯಪಡುವ ಕಾರಣವೇ ಕಾಣುವುದಿಲ್ಲ. ಲಂಡನ್ ಬಿಟ್ಟು ಉಳಿದ ಇಂಗ್ಲೆಂಡಿನಲ್ಲಿ 2025ರ ಸೆಪ್ಟೆಂಬರಿನಿಂದ ಶಿಕ್ಷಕರ ಶುರುವಿನ ಸಂಬಳ ವರ್ಷಕ್ಕೆ 32,916 ಪೌಂಡ್. ಪೌಂಡಿಗೆ 115 ರೂಪಾಯಿ ಹಿಡಿದರೆ 37 ಲಕ್ಷ 85 ಸಾವಿರ. ಹಾಕಿದ ಹತ್ತು ಲಕ್ಷ ವರ್ಷದೊಳಗೆ ವಾಪಸು ಬರುತ್ತದೆ. ಜಮೆಗೂ ಖರ್ಚಿಗೂ ತಾಳೆಯಾಗಿರುವಾಗ ಇನ್ನೇನು ಲೆಕ್ಕ ಹಾಕುವುದಿದೆ?

ಮೇಷ್ಟ್ರು: ತಾಳೆಯಾಗಿರುವುದು ಮೊತ್ತ, ತಾರೀಕಲ್ಲ. ನಿನ್ನ ಪಟ್ಟಿಯಲ್ಲಿ ಎರಡು ಕಾಲಂ ಇದೆ, ಬಾಬತ್ತು ಮತ್ತು ರೂಪಾಯಿ. ಮೂರನೆಯದು ಬೇಕಿತ್ತು: ಯಾವತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಊರಲ್ಲೇ ಇರುವವರಿಗೆ ಸರಿಹೋಗುತ್ತದೆ, ಯಾಕೆಂದರೆ ಅವರ ಹಾಸಿಗೆ ಆಗಲೇ ಹಾಸಿದೆ, ಅದರ ಉದ್ದ ಕಣ್ಣಿಗೆ ಕಾಣುತ್ತದೆ. ಪರದೇಶಕ್ಕೆ ಕಲಿಸಲು ಹೋಗುವವಳ ಹಾಸಿಗೆ ತಿಂಗಳ ಕೊನೆಗೆ ಬರುತ್ತದೆ. ಅಲ್ಲಿವರೆಗೆ ಕಾಲು ಎಲ್ಲಿಡುವುದು ಎಂಬುದೇ ಲೆಕ್ಕ. ಹೊರಡುವ ಹಣದ ಬಜೆಟ್ ಎಂದರೆ ಒಟ್ಟು ಎಷ್ಟು ಬೇಕು ಎಂಬ ಪ್ರಶ್ನೆ ಎಂದುಕೊಳ್ಳುತ್ತಾರೆ. ನನ್ನ ಪ್ರಕಾರ ಅದು ಬೇರೆಯೇ ಪ್ರಶ್ನೆ. ಮೊದಲ ರೂಪಾಯಿ ಖರ್ಚಾದ ದಿನದಿಂದ ಮೊದಲ ಸಂಬಳ ಬರುವ ದಿನದವರೆಗೆ ನಿನ್ನ ಖಾತೆಯ ಬಾಕಿ ಒಂದೇ ಸಮನೆ ಇಳಿಯುತ್ತದೆ. ಅದು ಎಲ್ಲಕ್ಕಿಂತ ಕೆಳಗೆ ಹೋಗುವ ದಿನ ಯಾವುದು, ಆ ದಿನ ಅದು ಸೊನ್ನೆಗಿಂತ ಮೇಲಿರುತ್ತದೋ ಇಲ್ಲವೋ? ನೀನು ಭೌತಶಾಸ್ತ್ರದವಳು. ಬಾವಿಗೆ ಹಗ್ಗ ಕೊಳ್ಳುವಾಗ ವರ್ಷದ ಸರಾಸರಿ ನೀರಿನ ಮಟ್ಟ ನೋಡುವುದಿಲ್ಲ, ಬೇಸಗೆಯ ತಳ ನೋಡುತ್ತೀಯ.

ಹೊರಟವಳು: ಆದರೆ ಎಲ್ಲ ಖರ್ಚೂ ಒಂದೆರಡು ತಿಂಗಳ ಒಳಗೇ ಬರುತ್ತದಲ್ಲ? ಹಿಂದೆಮುಂದೆ ಹತ್ತು ದಿನ ಆದರೆ ಏನು ವ್ಯತ್ಯಾಸ?

ಮೇಷ್ಟ್ರು: ಲೆಕ್ಕ ಹಾಕಿಯೇ ನೋಡೋಣ. 2025ರ ದರಗಳನ್ನು ಹಿಡಿಯೋಣ. ಅವು ವರ್ಷ ವರ್ಷ ಬದಲಾಗುತ್ತವೆ, ಆದರೆ ಯಾವುದು ಮೊದಲು ಯಾವುದು ಆಮೇಲೆ ಎಂಬ ಕ್ರಮ ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ. ಮೊದಲ ಹಂತ ಇಲ್ಲೇ, ಜೂನ್ ಜುಲೈಯಲ್ಲಿ. ಸ್ಕಿಲ್ಡ್ ವರ್ಕರ್ ವೀಸಾ ಮೂರು ವರ್ಷಕ್ಕೆ 769 ಪೌಂಡ್. ಅದರ ಜೊತೆ ಆರೋಗ್ಯ ಸರ್ಚಾರ್ಜ್, 2024ರ ಫೆಬ್ರವರಿಯಿಂದ ವರ್ಷಕ್ಕೆ 1,035 ಪೌಂಡ್. ಇದನ್ನು ವರ್ಷ ವರ್ಷ ಕಟ್ಟುವ ಹಾಗಿಲ್ಲ. ಮೂರು ವರ್ಷದ್ದು 3,105 ಪೌಂಡನ್ನು ಅರ್ಜಿ ಹಾಕುವ ದಿನವೇ ಕಟ್ಟಬೇಕು. ಮೂರನೆಯ ವರ್ಷ ಬರಬಹುದಾದ ಜ್ವರಕ್ಕೆ ಇನ್ನೂ ವಿಮಾನ ಹತ್ತುವ ಮುಂಚೆಯೇ ದುಡ್ಡು ಕೊಟ್ಟ ಹಾಗೆ. ಎರಡೂ ಸೇರಿ 3,874 ಪೌಂಡ್, ಅಂದರೆ ನಾಲ್ಕು ಲಕ್ಷ 45 ಸಾವಿರ ರೂಪಾಯಿ. ಭಾರತದಿಂದ ಹೋಗುವವರಿಗೆ ಕ್ಷಯದ ತಪಾಸಣೆ ಆಗಬೇಕು, ಶಾಲೆಯ ಕೆಲಸಕ್ಕೆ ಪೊಲೀಸ್ ಕ್ಲಿಯರೆನ್ಸ್ ಬೇಕು, ಇಂಗ್ಲಿಷ್ ಬರುತ್ತದೆಂಬುದಕ್ಕೆ ಪುರಾವೆ ಬೇಕು. ಇದಕ್ಕೆಲ್ಲ ಮೂವತ್ತು ಸಾವಿರ, ಟಿಕೆಟಿಗೆ ಅರವತ್ತು ಸಾವಿರ ಎಂದಿಟ್ಟುಕೊಳ್ಳೋಣ. ಬೆಂಗಳೂರು ಬಿಡುವ ಮುಂಚೆಯೇ ಐದು ಲಕ್ಷ 35 ಸಾವಿರ ಹೋಯಿತು. ಬ್ಯಾಂಕಿನ ಆರೂವರೆ ಲಕ್ಷದಲ್ಲಿ ಉಳಿದದ್ದು ಒಂದು ಲಕ್ಷ 15 ಸಾವಿರ. ಚಿಕ್ಕಪ್ಪನ ಕೈಗಡ ಸೇರಿಸಿದರೆ ಎರಡು ಲಕ್ಷ 65 ಸಾವಿರ, ಪೌಂಡಿನಲ್ಲಿ ಸುಮಾರು 2,300. ಚೀಟಿ ನವೆಂಬರಿಗೆ, ಆದ್ದರಿಂದ ಅದು ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಸ್ವೆಟರಿಗೂ ಸೂಟ್‌ಕೇಸಿಗೂ ನೀನು ಒಂದು ರೂಪಾಯಿ ಖರ್ಚು ಮಾಡಿಲ್ಲ ಎಂದಿಟ್ಟುಕೊಂಡೇ ಈ ಮಾತು.

ಎರಡನೆಯ ಹಂತ ಅಲ್ಲಿ. ಶಾಲೆ ಶುರುವಾಗುವುದು ಸೆಪ್ಟೆಂಬರ್ ಮೊದಲ ವಾರ, ನೀನು ಇಳಿಯುವುದು ಆಗಸ್ಟ್ 20ಕ್ಕೆ. ಮನೆ ಸಿಗುವವರೆಗೆ ಹನ್ನೆರಡು ರಾತ್ರಿ ಎಲ್ಲಾದರೂ ತಂಗಬೇಕು. ರಾತ್ರಿಗೆ 45 ಪೌಂಡಿನಂತೆ 540. ತಿಂಗಳಿಗೆ 700 ಪೌಂಡ್ ಬಾಡಿಗೆಯ ಸಣ್ಣ ಮನೆ ಸಿಕ್ಕಿತು ಎನ್ನು. ಮೊದಲ ತಿಂಗಳ ಬಾಡಿಗೆ ಮುಂಗಡ, ಮೇಲೆ ಡಿಪಾಸಿಟ್. 2019ರ ಟೆನೆಂಟ್ ಫೀಸ್ ಕಾಯ್ದೆ ಬಂದ ಮೇಲೆ ಇಂಗ್ಲೆಂಡಿನಲ್ಲಿ ಇಂಥ ಮನೆಗೆ ಐದು ವಾರದ ಬಾಡಿಗೆಗಿಂತ ಹೆಚ್ಚು ಡಿಪಾಸಿಟ್ ಕೇಳುವಂತಿಲ್ಲ. ಅದು 807 ಪೌಂಡ್ ಆಗುತ್ತದೆ. ವಾರಕ್ಕೆ 60 ಪೌಂಡಿನಲ್ಲಿ ಅಡುಗೆ ಮಾಡಿಕೊಂಡು ತಿಂದರೂ ಆರು ವಾರಕ್ಕೆ 360. ಬಸ್ಸು, ಫೋನಿಗೆ 120. ಅಲ್ಲಿ ಬಾಡಿಗೆ ಮನೆಗಳು ಎಷ್ಟೋ ಸಲ ಬರಿದಾಗಿ ಬರುತ್ತವೆ, ಮಂಚ ಹಾಸಿಗೆ ಇರುವುದಿಲ್ಲ. ಹಾಸಿಗೆ, ರಜಾಯಿ, ಎರಡು ಪಾತ್ರೆಗೆ 200. ಒಟ್ಟು 2,727 ಪೌಂಡ್. ನಿನ್ನ ಹತ್ತಿರ ಇರುವುದು 2,300. ಹತ್ತು ಲಕ್ಷಕ್ಕೆ ಹತ್ತು ಲಕ್ಷ ಎಂದು ಪಟ್ಟಿ ಹೇಳುತ್ತಿದೆ, 427 ಪೌಂಡ್ ಕಡಿಮೆ ಬಿತ್ತು ಎಂದು ಕ್ಯಾಲೆಂಡರ್ ಹೇಳುತ್ತಿದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಹೊರಟವಳು: ಕಡಿಮೆ ಬೀಳುವುದು ಯಾವತ್ತು?

ಮೇಷ್ಟ್ರು: ಇದೇ ನಾನು ಕಾಯುತ್ತಿದ್ದ ಪ್ರಶ್ನೆ. ಸೆಪ್ಟೆಂಬರ್ 1ಕ್ಕೆ ನಿಲ್ಲೋಣ. ತಂಗಿದ್ದಕ್ಕೆ 540, ಹನ್ನೆರಡು ದಿನದ ಊಟಕ್ಕೆ ಸುಮಾರು 103, ಡಿಪಾಸಿಟ್ 807, ಬಾಡಿಗೆ 700. ಒಟ್ಟು 2,150. ಮನೆಯ ಕೀಲಿ ಕೈಗೆ ಬರುವ ಹೊತ್ತಿಗೆ ಉಳಿದದ್ದು 150 ಪೌಂಡ್. ಸಂಬಳಕ್ಕೆ ಇನ್ನೂ ನಾಲ್ಕು ವಾರ. ಬರೀ ನೆಲವಿರುವ ಮನೆಯಲ್ಲಿ ನಿಂತು ನೀನು ತೀರ್ಮಾನ ಮಾಡಬೇಕು, ಈ 150ರಲ್ಲಿ ಹಾಸಿಗೆ ಕೊಳ್ಳುವುದೋ, ತಿಂಗಳು ಪೂರ್ತಿ ಉಣ್ಣುವುದೋ. ವರ್ಷಕ್ಕೆ 37 ಲಕ್ಷ ದುಡಿಯಲು ಹೋದವಳ ಮುಂದಿನ ಪ್ರಶ್ನೆ ಅದು. ಸಂಬಳ ಕಡಿಮೆಯಾಗಿ ಬಂದ ಕಷ್ಟ ಇದಲ್ಲ, ಸಂಬಳ ಇನ್ನೂ ಬಾರದೆ ಬಂದದ್ದು. ಎರಡಕ್ಕೂ ಮದ್ದು ಬೇರೆ ಬೇರೆ.

ಹೊರಟವಳು: ಡಿಪಾಸಿಟ್ ವಾಪಸು ಬರುವ ಹಣ ತಾನೆ? ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುವುದು ರೂಢಿ. ಅದರ ಮುಂದೆ ಐದು ವಾರ ಏನೂ ಅಲ್ಲ. ಅದನ್ನು ಖರ್ಚು ಎಂದು ಹಿಡಿದದ್ದು ಸರಿಯೇ?

ಮೇಷ್ಟ್ರು: ಖರ್ಚಲ್ಲ, ಆದರೆ ಕೈಯಲ್ಲೂ ಇಲ್ಲ. ಹೊರಡುವ ಹಣದಲ್ಲಿ ಮೂರು ಬಗೆ. ಒಂದು ಹೋದ ಹಣ: ವೀಸಾ, ಸರ್ಚಾರ್ಜ್, ಟಿಕೆಟ್. ಇದಕ್ಕೆ ಎಳ್ಳುನೀರು ಬಿಟ್ಟ ಹಾಗೆಯೇ. ಎರಡನೆಯದು ಸಿಕ್ಕಿಬಿದ್ದ ಹಣ: ಡಿಪಾಸಿಟ್ ನಿನ್ನದೇ, ಮನೆ ಬಿಡುವ ದಿನ ಬರುತ್ತದೆ, ಆದರೆ ಸೆಪ್ಟೆಂಬರಿನಲ್ಲಿ ಅದರಿಂದ ಒಂದು ಲೋಟ ಹಾಲು ಕೊಳ್ಳಲಾಗದು. ವೀಸಾದ ನಿಯಮವೊಂದು ಇದೇ ಜಾತಿಯದು. ಜೀವನೋಪಾಯಕ್ಕೆ ಕನಿಷ್ಠ 1,270 ಪೌಂಡ್ ನಿನ್ನ ಖಾತೆಯಲ್ಲಿ ಸತತ 28 ದಿನ ಇತ್ತೆಂದು ತೋರಿಸಬೇಕು. ಅರ್ಜಿಯ ಹಿಂದಿನ ದಿನ ಚಿಕ್ಕಪ್ಪನಿಂದ ಹಾಕಿಸಿಕೊಂಡರೆ ನಡೆಯದು. ಒಂದೂವರೆ ಲಕ್ಷದಷ್ಟು ಹಣವನ್ನು ಇಡೀ ನಾಲ್ಕು ವಾರ ಮುಟ್ಟದೆ ಕೂರಿಸಬೇಕು. ಅರ್ಜಿ ಹಾಕಿದ ಮೇಲೆ ಅದೇ ಹಣವನ್ನು ಅಲ್ಲಿ ಹೋಗಿ ಬಳಸಬಹುದು, ಆದ್ದರಿಂದ ಅದು ಹೊಸ ಖರ್ಚಲ್ಲ, ಕಟ್ಟಿಹಾಕಿದ ದಿನಗಳು ಮಾತ್ರ. ಇನ್ನೊಂದು ಮಾತು. ಸರಕಾರ 1,270 ಎಂದಿತು ಎಂದು ಅಷ್ಟರಲ್ಲಿ ಬದುಕಬಹುದು ಎಂದು ಬಗೆಯಬೇಡ. ನಮ್ಮ ಲೆಕ್ಕದಲ್ಲಿ ಬೇಕಾದದ್ದು ಅದರ ಎರಡು ಪಟ್ಟಿಗೂ ಹೆಚ್ಚು. ಅದು ಒಳಗೆ ಬಿಡುವ ಬಾಗಿಲಿನ ಅಳತೆ, ಮನೆಯ ಅಳತೆಯಲ್ಲ.

ಮೂರನೆಯದು ತಡವಾದ ಹಣ. ನಿನಗೆ ಸಲ್ಲುವುದು ನಿಜ, ಬರುವುದೂ ನಿಜ, ಬೇಕಾದ ದಿನ ಮಾತ್ರ ಇರುವುದಿಲ್ಲ. ಇದಕ್ಕೆ ಒಳ್ಳೆಯ ಉದಾಹರಣೆ ಇಂಗ್ಲೆಂಡಿನ ಸರಕಾರವೇ ಕೊಟ್ಟಿದೆ. ಅಲ್ಲಿ ಭೌತಶಾಸ್ತ್ರಕ್ಕೆ ಶಿಕ್ಷಕರು ಸಿಗುತ್ತಿರಲಿಲ್ಲ. 2023ರ ಫೆಬ್ರವರಿಯಲ್ಲಿ ಭಾರತ, ಘಾನಾ, ನೈಜೀರಿಯಾ, ಜಮೈಕಾ ಸೇರಿ ಇನ್ನಷ್ಟು ದೇಶಗಳ ಗಣಿತ, ವಿಜ್ಞಾನ, ಭಾಷಾ ಶಿಕ್ಷಕರು ಅಲ್ಲಿನ ಅರ್ಹತಾ ಪತ್ರಕ್ಕೆ ನೇರ ಅರ್ಜಿ ಹಾಕಲು ದಾರಿ ಮಾಡಿದರು. ಅದೇ ವರ್ಷ ಪ್ರಾಯೋಗಿಕವಾಗಿ, ಹೊರದೇಶದಿಂದ ಬರುವ ಭೌತಶಾಸ್ತ್ರ ಮತ್ತು ಭಾಷಾ ಶಿಕ್ಷಕರಿಗೆ 10,000 ಪೌಂಡ್ ಸ್ಥಳಾಂತರ ಹಣ ಘೋಷಿಸಿದರು. ವೀಸಾ, ಸರ್ಚಾರ್ಜ್, ವಲಸೆಯ ಖರ್ಚಿಗೆಂದೇ ಇದ್ದ ಹಣ ಅದು, ನಮ್ಮ ಲೆಕ್ಕದಲ್ಲಿ ಹನ್ನೊಂದೂವರೆ ಲಕ್ಷ. ಆದರೆ ಕೈಗೆ ಬರುತ್ತಿದ್ದದ್ದು ಕೆಲಸಕ್ಕೆ ಸೇರಿ ಮೊದಲ ಅವಧಿಯ ಪಾಠ ಮುಗಿದ ಮೇಲೆ. ವೀಸಾಕ್ಕೆ ಕೊಡುವ ದುಡ್ಡು ವೀಸಾ ಸಿಕ್ಕಿ, ಹೋಗಿ, ತಿಂಗಳುಗಟ್ಟಲೆ ಕಲಿಸಿದ ಮೇಲೆ ಬಂದರೆ ಅದು ನೆರವಾಗುವುದು ಯಾರಿಗೆ? ಮೊದಲೇ ನಾಲ್ಕೂವರೆ ಲಕ್ಷ ಇದ್ದವರಿಗೆ. ಸರಕಾರದ ಕಡೆಯಿಂದ ನೋಡಿದರೆ ಅದು ಸರಿಯೇ, ದುಡ್ಡು ತೆಗೆದುಕೊಂಡು ಬಾರದೆ ಇರುವವರಿಗೆ ಯಾರು ಕೊಡುತ್ತಾರೆ? ನಿನ್ನ ಕಡೆಯಿಂದ ನೋಡಿದರೆ ಅದು ಬಹುಮಾನ, ಬಂಡವಾಳವಲ್ಲ. ಇಂಥ ಯೋಜನೆ ನೀನು ಹೋಗುವ ವರ್ಷ ಇರಲಿ ಬಿಡಲಿ, ಹೊರಡುವ ಹಣದ ಜಮೆ ಕಡೆಗೆ ಅದನ್ನು ಬರೆಯಬೇಡ.

ಹೊರಟವಳು: ಸರಿ, ಹಾಗಾದರೆ ಸಂಬಳವಾದರೂ ಖಚಿತ ತಾನೆ? ಸೆಪ್ಟೆಂಬರ್ ಕೊನೆಗೆ ಬಂದೇ ಬರುತ್ತದೆ. 32,916ನ್ನು ಹನ್ನೆರಡರಿಂದ ಭಾಗಿಸಿದರೆ 2,743 ಪೌಂಡ್.

ಮೇಷ್ಟ್ರು: ಆ 2,743 ನೇಮಕದ ಪತ್ರದಲ್ಲಿ ಮಾತ್ರ ಇರುತ್ತದೆ. ಶಿಕ್ಷಕರ ಪಿಂಚಣಿಗೆ ಶೇಕಡಾ 7.4, ನ್ಯಾಷನಲ್ ಇನ್ಶೂರೆನ್ಸ್, ಆದಾಯ ತೆರಿಗೆ ಕಳೆದರೆ ಕೈಗೆ ಬರುವುದು ಸುಮಾರು 2,106. ಅದೂ ತೆರಿಗೆಯ ಕೋಡ್ ಸರಿಯಾಗಿದ್ದರೆ. ಅಲ್ಲಿ ಒಬ್ಬರ ಆದಾಯದಲ್ಲಿ ವರ್ಷಕ್ಕೆ 12,570 ಪೌಂಡಿನವರೆಗೆ ತೆರಿಗೆ ಇಲ್ಲ. ಹೊಸದಾಗಿ ಸೇರಿದವರು ಸಂಬಳ ವಿಭಾಗಕ್ಕೆ ಒಂದು ನಮೂನೆ ತುಂಬಿಕೊಡಬೇಕು. ಕೊಡದಿದ್ದರೆ ಸೊನ್ನೆ ವಿನಾಯಿತಿಯ ಕೋಡ್ ಹಾಕಬಹುದು. ಆಗ ಮೊದಲ ಪೌಂಡಿನಿಂದಲೇ ತೆರಿಗೆ ಕಡಿತ, ಕೈಗೆ ಬರುವುದು 1,900ಕ್ಕೂ ಸ್ವಲ್ಪ ಕಡಿಮೆ. ಸುಮಾರು 210 ಪೌಂಡ್ ವ್ಯತ್ಯಾಸ, ಮೂರು ವಾರದ ಊಟಕ್ಕೂ ಮಿಗಿಲು. ಆ ಹಣ ಮುಳುಗುವುದಿಲ್ಲ, ಕೋಡ್ ಸರಿಹೋದ ಮೇಲೆ ಹಿಂದಿರುಗುತ್ತದೆ. ಮತ್ತೆ ಅದೇ ಕಥೆ, ಹೋದ ಹಣವಲ್ಲ, ತಡವಾದ ಹಣ. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಸಂಬಳದ ಪಟ್ಟಿಯನ್ನು ತಿಂಗಳ ಕೊನೆಗೆ ಮಾಡುವುದಿಲ್ಲ, ಅದಕ್ಕೂ ಮುಂಚೆ ಒಂದು ತಾರೀಕಿಗೆ ಮುಚ್ಚುತ್ತಾರೆ. ಬ್ಯಾಂಕ್ ಖಾತೆ ತೆರೆಯಲು ವಿಳಾಸ ಬೇಕು, ವಿಳಾಸಕ್ಕೆ ಮನೆ ಬೇಕು, ಮನೆಗೆ ದುಡ್ಡು ಬೇಕು. ಈ ಸರಪಳಿಯಲ್ಲಿ ಒಂದು ಕೊಂಡಿ ತಡವಾಗಿ ನಿನ್ನ ಹೆಸರು ಆ ತಾರೀಕಿಗೆ ಪಟ್ಟಿಯಲ್ಲಿಲ್ಲದಿದ್ದರೆ ಸೆಪ್ಟೆಂಬರಿನ ಸಂಬಳ ಅಕ್ಟೋಬರಿನ ಜೊತೆ ಬರುತ್ತದೆ. ನಷ್ಟ ಏನೂ ಇಲ್ಲ, ಆದರೆ ಇನ್ನೊಂದು ತಿಂಗಳ ಬಾಡಿಗೆ, ಊಟ, ಬಸ್ಸು, ವಿದ್ಯುತ್ ಎಂದು ಸುಮಾರು 1,200 ಪೌಂಡ್ ನೀನೇ ಹುಟ್ಟಿಸಬೇಕು. ಆದ್ದರಿಂದ ನಿನಗೆ ಬೇಕಾದ ಅಳತೆ 2,727 ಅಲ್ಲ, 3,927. ಎರಡನೆಯ ಸಂಖ್ಯೆ ಭಯದಿಂದ ಹುಟ್ಟಿದ್ದಲ್ಲ. ಒಂದೇ ಒಂದು ತಾರೀಕು ತಪ್ಪಿದರೆ ಏನಾಗುತ್ತದೆ ಎಂಬ ಲೆಕ್ಕ.

ಹೊರಟವಳು: ಇಷ್ಟೆಲ್ಲ ತಾರೀಕು ನೆನಪಿಟ್ಟುಕೊಳ್ಳುವುದಕ್ಕಿಂತ ಇನ್ನೂ ಐದು ಲಕ್ಷ ಸಾಲ ಮಾಡಿ ನಿಶ್ಚಿಂತೆಯಿಂದ ಹೋಗಬಹುದಲ್ಲ? ಅಷ್ಟು ಸಂಬಳ ಇರುವಾಗ ತೀರಿಸುವುದು ಕಷ್ಟವೇ?

ಮೇಷ್ಟ್ರು: ಸಾಲ ತಪ್ಪೆಂದು ನಾನು ಹೇಳುವುದಿಲ್ಲ. ಸಾಲಕ್ಕೂ ತಾರೀಕು ಇದೆ ಎಂದು ಮಾತ್ರ ಹೇಳುತ್ತೇನೆ. ಮೊದಲ ಕಂತು ಯಾವತ್ತು? ಎರಡನೆಯ ಸಂಬಳ ಬಂದ ಮೇಲೆ ಶುರುವಾಗುವ ಸಾಲ ಸೇತುವೆ. ನೀನು ಇಲ್ಲಿರುವಾಗಲೇ ಕಂತು ಶುರುವಾಗುವ ಸಾಲ, ಕೆಳಗಿಳಿಯುತ್ತಿರುವ ಬಾಕಿಯನ್ನು ಇನ್ನೂ ಕೆಳಗೆ ಎಳೆಯುತ್ತದೆ. ತಾರೀಕಿನ ಆಟ ಎಷ್ಟು ಕ್ರೂರವಾಗಬಲ್ಲದು ಎಂಬುದಕ್ಕೆ ಅಮೆರಿಕದ ಲೂಯಿಸಿಯಾನಾದ ಪ್ರಕರಣ ಇದೆ. 2007ರಿಂದ ಕೆಲವು ವರ್ಷ ಅಲ್ಲಿನ ಸರಕಾರಿ ಶಾಲೆಗಳಿಗೆ 350ರಷ್ಟು ಫಿಲಿಪ್ಪೀನ್ಸ್ ಶಿಕ್ಷಕರು ನೇಮಕಾತಿ ಏಜೆನ್ಸಿಯೊಂದರ ಮೂಲಕ ಹೋದರು. ತಲಾ ಸುಮಾರು 16,000 ಡಾಲರ್ ಶುಲ್ಕ ಕೊಟ್ಟರು, ಹಲವರು ಹೆಚ್ಚಿನ ಬಡ್ಡಿಗೆ ಸಾಲ ತಂದರು. ಆ ಶುಲ್ಕವನ್ನು ಒಟ್ಟಿಗೆ ಕೇಳಿರಲಿಲ್ಲ. ಮೊದಲು ಸುಮಾರು 5,000 ಡಾಲರ್, ಅದು ವಾಪಸಿಲ್ಲ. ಅದನ್ನು ಕಟ್ಟಿದ ಮೇಲೆ ಅದಕ್ಕಿಂತ ದೊಡ್ಡ ಕಂತು ಮುಂದೆ ಬಂತು. ಆಗ ಹಿಂದೆ ಸರಿದರೆ ಕೊಟ್ಟದ್ದು ಹೋಗುತ್ತದೆ, ಮುಂದೆ ಹೋಗಲು ಇನ್ನಷ್ಟು ಸಾಲ ಬೇಕು. ಶಿಕ್ಷಕರು 2010ರಲ್ಲಿ ಕೋರ್ಟಿಗೆ ಹೋದರು, 2012ರ ಡಿಸೆಂಬರಿನಲ್ಲಿ ಫೆಡರಲ್ ಕೋರ್ಟಿನ ಜ್ಯೂರಿ ಅವರಿಗೆ 45 ಲಕ್ಷ ಡಾಲರ್ ಕೊಡಬೇಕೆಂದು ತೀರ್ಪು ಕೊಟ್ಟಿತು. ಅವರು ಲೆಕ್ಕ ಬಾರದವರಲ್ಲ, ಓದಿಸುವವರು, ಗಣಿತ ವಿಜ್ಞಾನ ಹೇಳಿಕೊಡುವವರು. ಒಟ್ಟು ಮೊತ್ತ ಮೊದಲ ದಿನವೇ ಮುಂದಿದ್ದಿದ್ದರೆ ಎಷ್ಟೋ ಜನ ಬೇಡ ಎನ್ನುತ್ತಿದ್ದರು. ಯಾವ ಹಣ ಯಾವಾಗ ಎಂಬುದು ಕೇಳುವವನ ಕೈಯಲ್ಲಿದ್ದರೆ ಕೊಡುವವನ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ.

ಇದರಿಂದ ಎರಡು ಕೆಲಸ ಹೊಳೆಯುತ್ತದೆ. ಮೊದಲನೆಯದು, ಕೊಡಬಾರದ ದುಡ್ಡು ಯಾವುದು ಎಂದು ತಿಳಿಯುವುದು. ಬ್ರಿಟನ್ನಿನಲ್ಲಿ 1973ರ ಕಾಯ್ದೆಯ ಪ್ರಕಾರ ಕೆಲಸ ಹುಡುಕಿಕೊಟ್ಟದ್ದಕ್ಕೆ ಕೆಲಸಗಾರನಿಂದ ಏಜೆನ್ಸಿ ಶುಲ್ಕ ತೆಗೆದುಕೊಳ್ಳುವಂತಿಲ್ಲ. ವಿದೇಶೀ ನೌಕರರನ್ನು ಕರೆಸಿಕೊಳ್ಳಲು ಶಾಲೆ ಕಟ್ಟುವ ಸ್ಕಿಲ್ಸ್ ಚಾರ್ಜನ್ನು ನೌಕರನ ಮೇಲೆ ಹಾಕುವಂತಿಲ್ಲ. ಅರ್ಹತಾ ಪತ್ರದ ಅರ್ಜಿಗೆ ಶುಲ್ಕವೇ ಇಲ್ಲ. ನಮ್ಮಲ್ಲಿ 1983ರ ವಲಸೆ ಕಾಯ್ದೆಯಡಿ ನೋಂದಣಿಯಾದ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕಕ್ಕೆ 30,000 ರೂಪಾಯಿ ಮತ್ತು ಜಿಎಸ್‌ಟಿಯ ಮಿತಿ ಇದೆ. ಎರಡನೆಯದು, ಯಾರಿಗೇ ಮೊದಲ ಕಂತು ಕೊಡುವ ಮುಂಚೆ ಕೊನೆಯ ಕಂತು ಯಾವುದು, ಯಾವತ್ತು ಎಂದು ಬರಹದಲ್ಲಿ ಕೇಳುವುದು.

ಹೊರಟವಳು: ಗಲ್ಫಿಗೆ ಹೋದ ನಮ್ಮ ಎಷ್ಟೋ ಶಿಕ್ಷಕರಿಗೆ ಈ ತಲೆನೋವೇ ಇಲ್ಲವಲ್ಲ? ಟಿಕೆಟ್ ಶಾಲೆಯದು, ವೀಸಾ ಶಾಲೆಯದು, ಮನೆಯೂ ಶಾಲೆಯದು. ಅಂದರೆ ಇದು ಇಂಗ್ಲೆಂಡಿನ ದೋಷ ಮಾತ್ರ.

ಮೇಷ್ಟ್ರು: ಶಾಲೆಯೇ ಮನೆ ಕೊಟ್ಟರೆ ನಿಜಕ್ಕೂ ದೊಡ್ಡ ಭಾರ ಇಳಿಯುತ್ತದೆ. ಯುಎಇಯಲ್ಲಿ ನೇಮಕಾತಿಯ ಖರ್ಚನ್ನು ನೌಕರನಿಂದ ವಸೂಲು ಮಾಡಬಾರದೆಂದು 2021ರ ಕಾರ್ಮಿಕ ಕಾನೂನು ಹೇಳುತ್ತದೆ. ಆದರೆ ಒಪ್ಪಂದದಲ್ಲಿ ಮನೆ ಎಂದಿದೆಯೋ ಮನೆ ಭತ್ಯೆ ಎಂದಿದೆಯೋ ನೋಡು. ಭತ್ಯೆ ತಿಂಗಳಿಗೊಮ್ಮೆ ಬರುತ್ತದೆ. ದುಬೈಯಲ್ಲಿ ಬಾಡಿಗೆಯನ್ನು ವರ್ಷದ ಲೆಕ್ಕದಲ್ಲಿ ಮಾತಾಡಿ ಮುಂದಿನ ತಾರೀಕಿನ ಒಂದೆರಡು ಅಥವಾ ನಾಲ್ಕು ಚೆಕ್ಕುಗಳಲ್ಲಿ ಕೊಡುವುದು ಬಹುಕಾಲದ ಪದ್ಧತಿ. ವರ್ಷದ ಕೊನೆಗೆ ಎರಡೂ ಸಮ. ಮೊದಲ ಚೆಕ್ಕಿನ ದಿನ ಮಾತ್ರ ನೀನು ಇನ್ನೂ ಬಾರದ ಮೂರೋ ಆರೋ ತಿಂಗಳ ಭತ್ಯೆಯನ್ನು ಮುಂದಾಗಿ ಕೊಡುತ್ತಿರುತ್ತೀಯ. ಊರು ಬದಲಾದರೆ ಹಳ್ಳದ ಜಾಗ ಬದಲಾಗುತ್ತದೆ, ಹಳ್ಳ ಇರುತ್ತದೆ. ಎಲ್ಲಿದೆ ಎಂದು ತೋರಿಸುವುದು ಮೂರನೆಯ ಕಾಲಂ.

ಹೊರಟವಳು: ಒಂದು ಮಾತು ಚುಚ್ಚುತ್ತಿದೆ, ಸರ್. ನಿಮ್ಮ ಲೆಕ್ಕ ಸರಿಯಾದರೆ ಒಂಬತ್ತು ಹತ್ತು ಲಕ್ಷ ಕೈಯಲ್ಲಿ ಇದ್ದವರು ಮಾತ್ರ ಕಲಿಸಲು ಹೋಗಬಹುದು. ಹಳ್ಳಿಯ ಶಾಲೆಯಲ್ಲಿ ಕಡಿಮೆ ಸಂಬಳಕ್ಕೆ ದುಡಿದ ಒಳ್ಳೆಯ ಶಿಕ್ಷಕಿಗೆ ಬಾಗಿಲೇ ಇಲ್ಲ. ಆಗ ತಾರೀಕಿನ ಜಾಣತನ ಉಳ್ಳವರ ಜಾಣತನವಾಗುವುದಿಲ್ಲವೇ?

ಮೇಷ್ಟ್ರು: ಆಗುತ್ತದೆ, ಇದಕ್ಕೆ ಪೂರ್ತಿ ಉತ್ತರ ನನ್ನ ಹತ್ತಿರವಿಲ್ಲ. ಮೂರು ವರ್ಷದ ಸರ್ಚಾರ್ಜನ್ನು ಒಂದೇ ದಿನ ಕೇಳುವ ನಿಯಮ ಬಡವರನ್ನು ಹೊರಗಿಡುತ್ತದೆ. ಅದನ್ನು ನಿನ್ನ ನನ್ನ ಬಜೆಟ್ ಸರಿಮಾಡುವುದಿಲ್ಲ. ಆದರೆ ದುಡ್ಡು ಕಡಿಮೆ ಇದ್ದವರಿಗೇ ತಾರೀಕು ಹೆಚ್ಚು ಉಪಯೋಗ. ಉಳ್ಳವರು ತಪ್ಪು ತಾರೀಕನ್ನು ದುಡ್ಡಿನಿಂದ ಮುಚ್ಚಿಕೊಳ್ಳುತ್ತಾರೆ. ಇಲ್ಲದವರು ದುಡ್ಡಿನ ಕೊರತೆಯನ್ನು ಒಂದಷ್ಟು ಮಟ್ಟಿಗೆ ತಾರೀಕಿನಿಂದ ಮುಚ್ಚಬಹುದು. ಶಾಲೆಯ ಹತ್ತಿರ ಹೆಚ್ಚು ಸಂಬಳ ಕೇಳಿದರೆ ಆಗದು ಎನ್ನಬಹುದು, ಅಲ್ಲಿ ಶ್ರೇಣಿ ಇದೆ. ಬೇಗ ಕೊಡಿ ಎಂದು ಕೇಳಿದರೆ ಅವರಿಗೆ ಹೆಚ್ಚು ಖರ್ಚಿಲ್ಲ. ಆ 1,270 ಪೌಂಡಿಗೆ ಶಾಲೆಯೇ ಹೊಣೆ ಬರೆದುಕೊಡಬಹುದು, ವೀಸಾ ನಿಯಮ ಅದಕ್ಕೆ ಅವಕಾಶ ಕೊಡುತ್ತದೆ. ಆಗ 28 ದಿನದ ಕಟ್ಟು ಬಿಚ್ಚುತ್ತದೆ. ಸರ್ಚಾರ್ಜಿನ ಒಂದು ಭಾಗವನ್ನು ಈಗ ಭರಿಸಿ ಆಮೇಲೆ ಸಂಬಳದಲ್ಲಿ ಹಿಡಿದುಕೊಳ್ಳಿ ಎನ್ನಬಹುದು. ಮೊದಲ ತಿಂಗಳಲ್ಲಿ ಸಂಬಳದ ಮುಂಗಡ ಕೇಳಬಹುದು. ಮೊದಲ ಎರಡು ವಾರ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಒಂದು ಕೋಣೆ ಸಿಗುತ್ತದೆಯೇ ಎಂದು ವಿಚಾರಿಸಬಹುದು. ಎಲ್ಲಕ್ಕೂ ಇಲ್ಲ ಎಂದರೂ ಹೋದದ್ದೇನೂ ಇಲ್ಲ. ಆ ಶಾಲೆಯ ಸ್ವಭಾವ ಜುಲೈಯಲ್ಲೇ ತಿಳಿಯಿತು.

ಹೊರಟವಳು: ಅದಕ್ಕಿಂತ ಹೆಚ್ಚು ದುಡ್ಡಿದ್ದರೆ ಈ ಮರ್ಜಿಯೇ ಬೇಡ. ನನ್ನ ಗೆಳತಿಯೊಬ್ಬಳ ಹತ್ತಿರ ಹದಿನೈದು ಲಕ್ಷ ಇದೆ.

ಮೇಷ್ಟ್ರು: ಎಲ್ಲಿದೆ?

ಹೊರಟವಳು: ಸ್ವಲ್ಪ ಎಫ್‌ಡಿಯಲ್ಲಿ, ಸ್ವಲ್ಪ ಚಿನ್ನದಲ್ಲಿ, ಉಳಿದದ್ದು ಪಿಎಫ್.

ಮೇಷ್ಟ್ರು: ಹಾಗಾದರೆ ಸೆಪ್ಟೆಂಬರ್ 1ರಂದು ಅವಳ ಹತ್ತಿರ ಎಷ್ಟಿದೆ ಎಂದು ಅವಳಿಗೇ ಗೊತ್ತಿಲ್ಲ. ಪಿಎಫ್ ಕೈಗೆ ಬರುವ ದಿನ ಅವಳ ಕೈಯಲ್ಲಿಲ್ಲ. ಲಾಕರಿನ ಚಿನ್ನಕ್ಕೆ ಅವಳೇ ಬರಬೇಕು. ಇಲ್ಲಿನ ಖಾತೆಯಲ್ಲಿ ರೂಪಾಯಿ ಇದ್ದರೂ ಅಲ್ಲಿಗೆ ಕಳಿಸಲು ಬ್ಯಾಂಕಿನ ಕಾಗದಪತ್ರ, ಕೆಲಸದ ದಿನ ಬೇಕು. ಶನಿವಾರ ಮನೆ ನೋಡಿ ಶನಿವಾರವೇ ಡಿಪಾಸಿಟ್ ಕೇಳಿದರೆ ಎಫ್‌ಡಿ ಮುರಿದು ಕಳಿಸಲು ಸೋಮವಾರದವರೆಗೆ ಕಾಯಬೇಕಾಗಬಹುದು. ನಗದಾಗಿ ಕೊಂಡೊಯ್ಯಬಹುದಾದ ವಿದೇಶೀ ನೋಟಿಗೆ ಒಂದು ಪ್ರಯಾಣಕ್ಕೆ 3,000 ಡಾಲರ್ ಬೆಲೆಯ ಮಿತಿ ಇದೆ, ಉಳಿದದ್ದು ಫಾರೆಕ್ಸ್ ಕಾರ್ಡಿನಲ್ಲಿ. ಒಂದು ಹಣಕಾಸು ವರ್ಷದಲ್ಲಿ ಹೊರಗೆ ಕಳಿಸಿದ್ದು ಹತ್ತು ಲಕ್ಷ ದಾಟಿದರೆ ದಾಟಿದ ಭಾಗಕ್ಕೆ ಶೇಕಡಾ 20ರಷ್ಟು ತೆರಿಗೆ ಹಿಡಿಯುತ್ತಾರೆ. ಲೆಕ್ಕಪತ್ರ ಸಲ್ಲಿಸಿದ ಮೇಲೆ ಹೊಂದಾಣಿಕೆಯಾಗುತ್ತದೆ, ಅದೂ ತಡವಾದ ಹಣದ ಸಾಲಿಗೇ ಸೇರಿತು. ದುಡ್ಡು ಎಷ್ಟಿದೆ ಎನ್ನುವುದರ ಪಕ್ಕದಲ್ಲಿ ಎಲ್ಲಿದೆ, ಯಾವ ದಿನ ಕೈಗೆ ಸಿಗುತ್ತದೆ ಎಂದು ಬರೆಯದಿದ್ದರೆ ಹದಿನೈದು ಲಕ್ಷವೂ ಗೋಡೆಯ ಮೇಲಿನ ಚಿತ್ರದ ಹಣ್ಣು.

ಹೊರಟವಳು: ಹಾಗಾದರೆ ನನ್ನ ಹತ್ತು ಲಕ್ಷವನ್ನೇ ತಾರೀಕಿನ ಮೇಲೆ ಇಟ್ಟು ನೋಡಿ. ಒಂದು ಪೈಸೆ ಹೆಚ್ಚಿಸದೆ ಆಗುತ್ತದೆಯೇ?

ಮೇಷ್ಟ್ರು: ಆಗಬಹುದು. ಚೀಟಿಯನ್ನು ನವೆಂಬರಿಗೆ ಬಿಡದೆ ಜುಲೈಯಲ್ಲೇ ಕೂಗು. ಬೇಗ ಎತ್ತಿದರೆ ಒಂದಷ್ಟು ಬಿಟ್ಟುಕೊಡಬೇಕಾಗುತ್ತದೆ, ಇಪ್ಪತ್ತು ಸಾವಿರ ಎನ್ನೋಣ. ಎರಡು ಲಕ್ಷ ಒಂದು ಲಕ್ಷ 80 ಸಾವಿರವಾಯಿತು. ಪಟ್ಟಿಯ ಪ್ರಕಾರ ಅದು ನಷ್ಟ. ಕ್ಯಾಲೆಂಡರಿನ ಪ್ರಕಾರ ನಾಲ್ಕು ತಿಂಗಳನ್ನು ಇಪ್ಪತ್ತು ಸಾವಿರಕ್ಕೆ ಕೊಂಡೆ. ಉಳಿದ ಕಂತು ತಪ್ಪುವುದಿಲ್ಲ, ಅಲ್ಲಿಂದ ಕಳಿಸಬೇಕು, ಅದನ್ನು ಅಕ್ಟೋಬರಿನಿಂದಾಚೆಗೆ ಬರೆದುಕೋ, ಅಲ್ಲಿವರೆಗಿನ ಒಂದೆರಡು ಕಂತನ್ನು ಮನೆಯವರಿಗೆ ಹೇಳು. ಈಗ ನೀನು ಇಳಿಯುವಾಗ ಕೈಯಲ್ಲಿರುವುದು 2,300 ಅಲ್ಲ, ಸುಮಾರು 3,865 ಪೌಂಡ್. ಬೇಕಾದದ್ದು 2,727. ಸಂಬಳ ಒಂದು ತಿಂಗಳು ತಪ್ಪಿದರೂ 3,927. ಕೊರತೆ ಅರವತ್ತು ಪೌಂಡಿಗೆ ಬಂತು, ಅದನ್ನು ಬಸ್ಸಿನ ಬದಲು ನಡೆದು ತುಂಬಬಹುದು. ಶಾಲೆಯವರು ಎರಡು ವಾರಕ್ಕೆ ಕೋಣೆ ಕೊಡಿಸಿದರೆ ಇನ್ನೂ 540 ಪೌಂಡ್, ಅಂದರೆ 62,000 ರೂಪಾಯಿ ಉಳಿಯಿತು. ಅದನ್ನು ಒಯ್ಯಬೇಡ, ಇಲ್ಲೇ ಅಮ್ಮನ ಖಾತೆಯಲ್ಲಿಡು. ಅದು ವಾಪಸು ಟಿಕೆಟಿನ ಹಣ. ಕೆಲಸ ಹಿಡಿಸದಿದ್ದರೆ ಬರಬಹುದು ಎಂಬುದು ಗೊತ್ತಿದ್ದರೆ ಹೆಡ್ ಮೇಷ್ಟ್ರ ಮುಂದೆ ಅನ್ಯಾಯದ ಟೈಮ್ ಟೇಬಲಿಗೆ ಆಗುವುದಿಲ್ಲ ಎನ್ನುವ ಧೈರ್ಯ ಇರುತ್ತದೆ.

ಸ್ವೆಟರು, ಕೋಟು, ಕುಕ್ಕರನ್ನು ಪಟ್ಟಿಯಿಂದ ತೆಗೆಯಬೇಕಿಲ್ಲ, ಕೆಳಗಿಳಿಸಿದರೆ ಸಾಕು. ಚಳಿ ಬಿಗಿಯುವುದು ಅಕ್ಟೋಬರ್ ಕಳೆದ ಮೇಲೆ, ಆ ಹೊತ್ತಿಗೆ ಸಂಬಳ ಬಂದಿರುತ್ತದೆ. ಅಲ್ಲಿನ ಚಳಿಗೆ ಹೊಲಿದ ಕೋಟು ಅಲ್ಲೇ ಸಿಗುತ್ತದೆ. ಮೊದಲ ರಾತ್ರಿಗೆ ಬೇಕಾದದ್ದು ರಜಾಯಿ. ಯಾವ ವಸ್ತು ಬೇಕು ಎಂದು ಕೇಳಿದರೆ ಎರಡೂ ಬೇಕು. ಯಾವುದು ಮೊದಲು ಎಂದು ಕೇಳಿದರೆ ಉತ್ತರ ಒಂದೇ.

ಹೊರಟವಳು: ಕೊನೆಯ ಆಕ್ಷೇಪ. ತಾರೀಕುಗಳೂ ಸುಳ್ಳಾಗುತ್ತವೆ. ವೀಸಾ ತಡವಾಗಬಹುದು, ರೂಪಾಯಿ ಬೀಳಬಹುದು, ಕಾನೂನೇ ಬದಲಾಗಬಹುದು. ಅಂದಾಜಿನ ಮೇಲೆ ಅಂದಾಜು ಕಟ್ಟಿದ ಕ್ಯಾಲೆಂಡರಿಗೆ ಏನು ಬೆಲೆ?

ಮೇಷ್ಟ್ರು: ಸುಳ್ಳಾಗುತ್ತವೆ, ಒಳ್ಳೆಯದಕ್ಕೂ ಸುಳ್ಳಾಗುತ್ತವೆ. ಅಲ್ಲಿ ಜಾಮೀನುದಾರರಿಲ್ಲದ ಹೊಸಬರ ಹತ್ತಿರ ಮನೆ ಮಾಲೀಕರು ಹಲವು ತಿಂಗಳ ಬಾಡಿಗೆ ಒಟ್ಟಿಗೆ ಕೇಳುವುದಿತ್ತು. ಈಗ ಹೊಸ ಕಾಯ್ದೆ 2026ರ ಮೇ 1ರಿಂದ ಒಂದು ತಿಂಗಳಿಗಿಂತ ಹೆಚ್ಚು ಮುಂಗಡ ಕೇಳುವುದನ್ನು ನಿಲ್ಲಿಸುತ್ತದೆ. ಒಟ್ಟು ಬಾಡಿಗೆಯಲ್ಲಿ ಒಂದು ಪೌಂಡ್ ಇಳಿಯದಿದ್ದರೂ ಹೊರಡುವ ಹಣದ ದೃಷ್ಟಿಯಿಂದ ಅದು ದೊಡ್ಡ ಬದಲಾವಣೆ. ಪಟ್ಟಿ ಹಿಡಿದವನಿಗೆ ಅದು ಕಾಣುವುದೇ ಇಲ್ಲ, ಕ್ಯಾಲೆಂಡರ್ ಹಿಡಿದವನಿಗೆ ತಕ್ಷಣ ಕಾಣುತ್ತದೆ. ಪಟ್ಟಿ ತಪ್ಪಿದಾಗ ಹೆಚ್ಚು ದುಡ್ಡು ಬೇಕಿತ್ತು ಎಂದಷ್ಟೇ ಹೇಳುತ್ತದೆ. ಕ್ಯಾಲೆಂಡರ್ ತಪ್ಪಿದಾಗ ಯಾವ ಸಾಲು ತಪ್ಪಿತು, ಅದರ ಹಿಂದೆ ಇನ್ನು ಯಾವುದು ಸರಿಯುತ್ತದೆ ಎಂದು ಹೇಳುತ್ತದೆ. ವೀಸಾ ಹತ್ತು ದಿನ ತಡವಾದರೆ ಟಿಕೆಟ್ ಹತ್ತು ದಿನ ಮುಂದೆ, ಮನೆ ಮುಂದೆ, ಬ್ಯಾಂಕು ಮುಂದೆ, ಸಂಬಳದ ಪಟ್ಟಿ ಮುಚ್ಚುವ ತಾರೀಕು ಮಾತ್ರ ಅಲ್ಲೇ. ಹತ್ತು ದಿನದ ತಡ ಯಾವಾಗ ಒಂದು ತಿಂಗಳಾಗುತ್ತದೆ ಎಂಬುದು ಹೊರಡುವ ಮುಂಚೆಯೇ ಗೊತ್ತಿದ್ದರೆ ಅಂದಾಜಿಗೆ ಅಷ್ಟು ಬೆಲೆ ಸಾಲದೇ?

ಹೊರಟವಳು: ಆ ತಾರೀಕು ಯಾವುದು?

ಮೇಷ್ಟ್ರು: ಒಂದೊಂದು ಶಾಲೆಗೆ ಒಂದೊಂದು. ನೇಮಕದ ಪತ್ರದಲ್ಲಿ ಇದೆಯೇ ನೋಡು.

ಹೊರಟವಳು: ಇಲ್ಲ. ಸಂಬಳ ಎಷ್ಟು ಎಂದು ಎರಡು ಸಲ ಕೇಳಿ ಬರೆಸಿಕೊಂಡಿದ್ದೇನೆ. ಪಟ್ಟಿ ಯಾವತ್ತು ಮುಚ್ಚುತ್ತೀರಿ ಎಂದು ಕೇಳಿಲ್ಲ. ಇವತ್ತೇ ಶಾಲೆಗೆ ಬರೆಯುತ್ತೇನೆ, ಕೋಣೆಯ ವಿಷಯವನ್ನೂ ಸೇರಿಸಿ. ಪೆನ್ನು ಕೊಡಿ ಸರ್, ಮೂರನೆಯ ಕಾಲಂ ಗೀಟು ಹಾಕುತ್ತೇನೆ.